ಕುಲುಮೆಯ ಹಿಂದೆ ಬಂದ ಪೇಟೆ

1936ರಲ್ಲಿ ನಾನು ಕುಷ್ಟಗಿಯಲ್ಲಿ ಸರಕಾರದ ಓವರ್‌ಸಿಯರ್ ಆಗಿದ್ದೆ. ರಸ್ತೆಗಳ ಜೊತೆಗೆ ಊರಿನ ಪ್ಲ್ಯಾನ್ ತಯಾರಿಸುವ ಕೆಲಸವೂ ನನ್ನ ಕೊರಳಿಗೆ ಬಿದ್ದಿತ್ತು. ಮನೆ ಎಲ್ಲಿರಬೇಕು, ಅಂಗಡಿ ಎಲ್ಲಿರಬೇಕು, ಬೆಂಕಿಯ ಕಸುಬು ಎಲ್ಲಿರಬೇಕು ಎಂದು ನಕಾಶೆಯ ಮೇಲೆ ಬಣ್ಣಬಣ್ಣದ ಗೆರೆ ಎಳೆಯುವುದೇ ಆ ಕೆಲಸ.

ಆ ಬೇಸಿಗೆ ಕಮ್ಮಾರ ಮೌನಪ್ಪನ ಕುಲುಮೆಯ ಕಿಡಿ ಹಾರಿ ಪಕ್ಕದ ಓಣಿಯ ಬಣವೆಯೊಂದು ಸುಟ್ಟುಹೋಯಿತು. ಮನೆಗೂ ಬೆಂಕಿಯ ಕಸುಬಿಗೂ ನಡುವೆ ಅಂತರವಿರಬೇಕೆಂದು ಕಾಯಿದೆಯಿತ್ತು. ಕೊಪ್ಪಳ ರಸ್ತೆಯ ಬದಿಯ ಬಯಲನ್ನು ಅವನಿಗೆ ತೋರಿಸಿದೆ. ಅಲ್ಲಿ ಜಾಲಿಗಿಡ ಬಿಟ್ಟರೆ ಏನೂ ಇರಲಿಲ್ಲ.

"ಬೆಂಕಿ ಹೊತ್ಕೊಂಡು ಹೋಗಬಹುದ್ರಿ ಸಾಹೇಬ್ರ, ಗಿರಾಕಿನ್ನ ಹೆಂಗ ಹೊತ್ಕೊಂಡು ಹೋಗ್ಲಿ?" ಎಂದ ಮೌನಪ್ಪ.

ಅವನ ಹೊಟ್ಟೆಪಾಡಿನ ಮಾತು ಅದು. ಅವನ ಹೆಂಡತಿ ಕಾಳವ್ವ ಮಾತ್ರ ಒಡಕು ಗಡಿಗೆಗೆ ಕೆಂಡ ತುಂಬಿ, ತಲೆಗೆ ಸಿಂಬಿ ಇಟ್ಟು ಹೊತ್ತು ನಡೆದಳು.

ಮುಂದೆ ನನಗೆ ಗಂಗಾವತಿಗೆ ವರ್ಗವಾಯಿತು. ಹತ್ತು ವರ್ಷದ ಮೇಲೆ ಬಡ್ತಿ ಪಡೆದು ಕುಷ್ಟಗಿಗೆ ಮರಳಿದವನು ಆ ಬಯಲು ನೋಡಿ ಮೂಗಿನ ಮೇಲೆ ಬೆರಳಿಟ್ಟೆ. ಅಲ್ಲೊಂದು ಪೇಟೆಯೇ ಎದ್ದಿತ್ತು! ಶೇಂಗಾ ಹೇರಿಕೊಂಡು ಕೊಪ್ಪಳ ಸ್ಟೇಶನ್ನಿಗೆ ಹೊರಟ ಬಂಡಿಗಳು ಗಾಲಿಯ ಕಬ್ಬಿಣದ ಪಟ್ಟಿ ಬಿಗಿಸಲು ಮೌನಪ್ಪನ ಹತ್ತಿರ ನಿಲ್ಲತೊಡಗಿದ್ದವಂತೆ. ನಿಂತವರಿಗೆ ಹಸಿವಾಗುತ್ತದಲ್ಲ, ತಳಕಲ್ಲು ಊರಿನ ಹೆಣ್ಣುಮಗಳೊಬ್ಬಳು ಮಂಡಕ್ಕಿ, ಮಿರ್ಚಿ ಮಾರತೊಡಗಿದಳು. ಹಗ್ಗದವರು ಬಂದರು, ಕಿರಾಣಿಯವರು ಬಂದರು. ಅಂಗಡಿಯ ಹಿಂದೆ ಮಲಗಲು ಗುಡಿಸಲು ಎದ್ದವು, ಗುಡಿಸಲು ಹೋಗಿ ಮನೆಗಳಾದವು. ಒಂದು ಗಡಿಗೆ ಕೆಂಡದ ಸುತ್ತ ಇಷ್ಟೊಂದು ಸಂಸಾರ! ಎಷ್ಟು ಬಣ್ಣದ ಗೆರೆ ಎಳೆದರೂ ನನ್ನ ಕೈಯಿಂದ ಇದು ಆಗುತ್ತಿರಲಿಲ್ಲ.

ಆ ಬೆರಗು ಆರುವ ಮೊದಲೇ ಅರ್ಜಿಯೊಂದು ಬಂತು. ಕಳಿಸಿದವರು ಆ ಪೇಟೆಯವರೇ. ಕುಲುಮೆಯ ಕಿಡಿಯಿಂದ ತಮ್ಮ ಮನೆಗಳಿಗೆ ಅಪಾಯ, ಅದನ್ನು ಊರ ಹೊರಗೆ ಸಾಗಿಸಬೇಕು ಎಂದು ಕೇಳಿದ್ದರು. ಗೆದ್ದಲು ಕಟ್ಟಿದ ಹುತ್ತ ಹಾವಿಗಾಯಿತು ಅನ್ನುವುದು ಇದಕ್ಕೇ. ಆದರೆ ಕಾಯಿದೆ ಅವರ ಕಡೆಗಿದ್ದಂತೆ ಕಂಡಿತು.

ಸ್ಥಳ ನೋಡಲು ಹೋದೆ. ತಲೆ ನರೆತಿದ್ದ ಮೌನಪ್ಪ ಸುತ್ತಿಗೆ ಕೆಳಗಿಟ್ಟು ನಕ್ಕ.

"ಎಲ್ಲಿಗೆ ಹೋಗ್ಲಿ, ತೋರಿಸ್ರಿ ಸಾಹೇಬ್ರ. ಊರು ಅಲ್ಲಿಗೂ ಬೆನ್ನಹತ್ತಿ ಬರ್ತೈತಿ."

ಕಚೇರಿಗೆ ಬಂದು ಕಾಯಿದೆಯನ್ನು ಮತ್ತೊಮ್ಮೆ ಓದಿದೆ. ನಡುವೆ ಅಂತರವಿರಬೇಕು ಎಂದಿತ್ತು. ಯಾರು ಸರಿಯಬೇಕು ಎಂದಿರಲಿಲ್ಲ. ಕುಲುಮೆಯ ಸುತ್ತ ಗೆರೆ ಎಳೆದು, ಅಂಗಡಿಗಳಿರಲಿ, ಗೆರೆಯೊಳಗಿನ ಮನೆಗಳು ಹಿಂದೆ ಸರಿಯಲಿ ಎಂದು ಬರೆದೆ. ಜನ ಗೊಣಗುತ್ತಲೇ ಸರಿದರು. ಮೌನಪ್ಪನ ಸುತ್ತಿಗೆಯ ಸದ್ದು ನಿಲ್ಲಲಿಲ್ಲ.

ಆಮೇಲೆ ಯಾವ ಊರಿನ ನಕಾಶೆ ಬಿಡಿಸಿದರೂ, ಗೆರೆ ಎಳೆಯುವ ಮೊದಲು ಅಲ್ಲಿಯ ಜನರನ್ನು ಕೇಳುತ್ತಿದ್ದೆ: ಇಲ್ಲಿ ಮೊದಲು ಬೆಂಕಿ ಹಚ್ಚಿದವರು ಯಾರು?