ಇದು ಯಾರ ದವಾಖಾನಿ?

ಸಂಕೇಶ್ವರದ ನಮ್ಮ ಆಫೀಸಿನಿಂದ ಹತ್ತಾರು ದವಾಖಾನೆಗಳಿಗೆ ಒಂದೇ ಸಾಫ್ಟ್‌ವೇರ್ ನಡೆಸುತ್ತಿದ್ದೆವು. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಕಾಕಾ ನನ್ನ ಕೋಡಿನ ಪ್ರತಿ ಸಾಲಿನ ಮೇಲೂ ಬೆರಳಿಟ್ಟು, "ಇದು ಯಾರ ದವಾಖಾನಿ, ತಂಗಿ?" ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಎಲ್ಲ ರೋಗಿಗಳ ವಿವರವೂ ಒಂದೇ ಟೇಬಲ್ಲಿನಲ್ಲಿತ್ತು. ದವಾಖಾನೆಯ ನಂಬರೊಂದೇ ನಡುವಿನ ಗೋಡೆ. ಕಾಕಾ ರಜೆಯಲ್ಲಿದ್ದ ದಿನ ನಾನು ಒಂದು ಕಡೆ ಆ ನಂಬರು ಹಾಕುವುದನ್ನು ಮರೆತೆ. ಹುಕ್ಕೇರಿಯಲ್ಲಿ ತೋರಿಸಿಕೊಂಡಿದ್ದ ಮಸಗುಪ್ಪಿಯ ಹೆಂಗಸಿನ ಹೆಸರು, ಕಾಯಿಲೆ ಎರಡೂ ಮೂಡಲಗಿಯ ದವಾಖಾನೆಯ ಪರದೆಯಲ್ಲಿ ಕಾಣಿಸಿಕೊಂಡವು.

ರಜೆ ಮುಗಿಸಿ ಬಂದ ಕಾಕಾನಿಗೆ, "ಬರೇ ಒಂದ ಹೆಸರು ಕಾಕಾ, ತಗದ ಬಿಟ್ಟೇನ್ರಿ," ಎಂದೆ.

ಕಾಕಾ ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿದರು. "ಮಸಗುಪ್ಪಿ ಬಾಜೂಕ ಮೂಡಲಗಿ ಇದ್ರೂ ಊರಮಂದಿ ಕಣ್ಣ ತಪ್ಪಿಸಿ ಹುಕ್ಕೇರಿತನಕ ಹೋಗಿದ್ಳು ಆಕಿ. ನಾವು ವಾಪಸ್ ಮೂಡಲಗಿಗಿ ತಂದ ಕೂಡಿಸಿದ್ವಿ, ತಂಗಿ."