ಗಂಜಿ ಕುಡಿದ ನೂಲು

ಮೊನ್ನೆ ಅನ್ನ ಬಸಿದ ಗಂಜಿಯನ್ನು ಪಾತ್ರೆಯಲ್ಲಿ ಮುಚ್ಚಿಟ್ಟು ಮರೆತುಬಿಟ್ಟಿದ್ದೆ. ಕುಕ್ಕರು ಬಂದ ಮೇಲೆ ಬಸಿಯುವವರು ಯಾರಿದ್ದಾರೆ, ನನಗೊಬ್ಬಳಿಗೆ ಆ ಹಳೆಯ ಚಟ. ಮಾರನೆಯ ದಿನ ಸಂಜೆ ಮುಚ್ಚಳ ತೆಗೆದರೆ ಹುಳಿ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಸೊಸೆ ಮೂಗು ಮುಚ್ಚಿಕೊಂಡು ಚೆಲ್ಲಿಬಿಡಿ ಅಂದಳು. ನಾನು ಚೆಲ್ಲಲಿಲ್ಲ, ಪಾತ್ರೆ ಹಿಡಿದುಕೊಂಡೇ ಹಿತ್ತಲ ಮೆಟ್ಟಿಲ ಮೇಲೆ ಕೂತೆ. ದೊಡ್ಡಬಳ್ಳಾಪುರದ ಆ ನೇಕಾರರ ಬೀದಿ, ಎಳೆಬಿಸಿಲಲ್ಲಿ ಉದ್ದಕ್ಕೂ ಬಿಗಿದು ಕಟ್ಟಿದ ನೂಲು, ಅದರ ಪಕ್ಕದಲ್ಲಿ ಕುಂಚ ಹಿಡಿದು ನಿಂತ ನಮ್ಮ ಎದುರುಮನೆ ಯಜಮಾನರು...

ನಾನು ಸಾಸಲು ಕಡೆಯ ಒಕ್ಕಲು ಮನೆಯ ಹುಡುಗಿ. ರಾಗಿ, ಹುರುಳಿ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ಮದುವೆಯಾಗಿ ಬಂದದ್ದು ಮಿಡ್ಲ್ ಸ್ಕೂಲಿನ ಮೇಷ್ಟ್ರ ಮನೆಗೆ, ಅಂದರೆ ನೇಕಾರರ ಬೀದಿಯಲ್ಲಿದ್ದ ಒಂದು ಬಾಡಿಗೆ ಮನೆಗೆ. ಬೆಳಗಾದರೆ ಎಲ್ಲ ಮನೆಗಳಿಂದಲೂ ಮಗ್ಗದ ಸದ್ದು. ಎದುರುಮನೆ ಯಜಮಾನರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿಗೆ ಹಾಸು ಅನ್ನುತ್ತಾರೆ ಎಂದು ಹೇಳಿಕೊಟ್ಟವಳು ಅವಳೇ. ಹಾಸು ಮಗ್ಗಕ್ಕೆ ಏರುವ ಮುಂಚೆ ಅದನ್ನು ಬೀದಿಯಲ್ಲಿ ಎಳೆದು ಕಟ್ಟಿ ಕುಂಚದಿಂದ ಹುಳಿಗಂಜಿ ಹಚ್ಚಬೇಕು, ಇಲ್ಲದಿದ್ದರೆ ನೇಯುವಾಗ ಎಳೆ ಎಳೆಯೂ ಕಿತ್ತು ಬರುತ್ತದೆ. ಆ ಕೆಲಸ ಒಂದು ಮನೆಯವರ ಕೈಲಿ ಆಗುವುದಲ್ಲ. ಆ ತುದಿ ಮುಗಿಸುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ಹಾಗಾಗಿ ಯಾರ ಮನೆಯ ಹಾಸು ಬೀದಿಗೆ ಬಂದರೂ ಬೀದಿಗೆ ಬೀದಿಯೇ ಬಂದು ಕೈಹಾಕುತ್ತಿತ್ತು. ಕರೆಯುವುದು, ಕೇಳುವುದು ಏನೂ ಇರಲಿಲ್ಲ.

ಯಜಮಾನರಿಗೆ ಆಗ ಐವತ್ತರ ಹತ್ತಿರ. ಸಣಕಲು ದೇಹ, ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಕೂತು ಸ್ವಲ್ಪ ಬಾಗಿದ ಬೆನ್ನು. ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು. ಬಿಡುಗಡೆಯಾಗಿ ಬಂದ ದಿನ ರೈಲ್ವೆ ಸ್ಟೇಷನ್ನಿನಿಂದ ವಾಲಗ ಊದಿಸಿಕೊಂಡು ಮೆರವಣಿಗೆಯಲ್ಲಿ ಕರೆತಂದಿದ್ದರಂತೆ. ಅವರ ಬಾಯಿಂದ ಮಾತ್ರ ಆ ಕಥೆ ಬರುತ್ತಿರಲಿಲ್ಲ. ನಾನೇ ಒಂದು ಸಲ ಕೆದಕಿದ್ದಕ್ಕೆ, "ಅಲ್ಲಿ ಮಗ್ಗ ಇರ್ಲಿಲ್ಲ ಕಣಮ್ಮ, ಅದೊಂದೇ ಕಷ್ಟ" ಅಂದಿದ್ದರು.

ಸ್ವಾತಂತ್ರ್ಯ ಬಂತು. ಮೈಸೂರು ಸೀಮೆಯಲ್ಲಿ ಚಳವಳಿ ಮಾಡಿದ ಪಕ್ಷದವರದ್ದೇ ಸರ್ಕಾರವೂ ಆಯಿತು. ಆಮೇಲೆ ನೋಡಬೇಕಿತ್ತು ಬಿಳೀ ಟೋಪಿಗಳನ್ನು! ಮೊನ್ನೆ ಮೊನ್ನೆಯವರೆಗೂ ಅಮಲ್ದಾರರ ಹಿಂದೆ ಕೈಕಟ್ಟಿ ನಿಂತಿದ್ದವರೆಲ್ಲ ಟೋಪಿ ಇಟ್ಟುಕೊಂಡು ತಿರುಗಾಡಿದರು. ನಮ್ಮ ಊರಲ್ಲಿ ಟೋಪಿ ಇಲ್ಲದೆ ಉಳಿದದ್ದು ದನಗಳು ಮತ್ತು ನನ್ನ ಗಂಡ. ಅವರು ಸರ್ಕಾರಿ ನೌಕರರು, ರಾಜಕೀಯ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಪಕ್ಷದ ತಾಲ್ಲೂಕು ಸಮಿತಿಗೆ ಅಧ್ಯಕ್ಷರನ್ನು ಆರಿಸುವ ಹೊತ್ತು ಬಂತು. ಒಂದು ಕಡೆ ಅಕ್ಕಿ ಗಿರಣಿಯ ಸಾಹುಕಾರರು, ಟೋಪಿಯ ಮಡಿಕೆ ಇನ್ನೂ ಬಿಚ್ಚದ ಹೊಸಬರು. ಇನ್ನೊಂದು ಕಡೆ ವಕೀಲರು, ಎದುರುಮನೆ ಯಜಮಾನರ ಜೊತೆಯಲ್ಲೇ ಜೈಲಿನಲ್ಲಿದ್ದವರು. ಊರೂರಿನ ಪ್ರತಿನಿಧಿಗಳು ಸೇರಿ ಓಟು ಹಾಕಬೇಕು. ನೇಕಾರರ ಬೀದಿಯ ಪ್ರತಿನಿಧಿ ಈ ಯಜಮಾನರೇ. ಆ ಕುರ್ಚಿಗೆ ಅಷ್ಟೊಂದು ಜಗ್ಗಾಟ ಯಾಕೆಂದರೆ, ಅದರಲ್ಲಿ ಕೂತವರು ಹೇಳಿದವರಿಗೇ ಸೀಮೆಎಣ್ಣೆ, ಸಕ್ಕರೆ, ನೂಲಿನ ಡಿಪೋ ಸಿಗುತ್ತಿತ್ತು. ಎಲ್ಲವೂ ಕಂಟ್ರೋಲಿನಲ್ಲಿದ್ದ ಕಾಲ. ಪರ್ಮಿಟ್ಟಿಲ್ಲದೆ ಮನೆಯಲ್ಲಿ ನೂಲು ಇಟ್ಟುಕೊಂಡರೂ ಕೇಸು.

ಆ ನೂಲೇ ಬರುತ್ತಿರಲಿಲ್ಲ. ಡಿಪೋಗೆ ಬಂದದ್ದು ಹಿಂದಿನ ಬಾಗಿಲಿಂದ ಎಲ್ಲಿಗೋ ಹೋಗುತ್ತಿತ್ತು. ಒಂದೊಂದಾಗಿ ಮಗ್ಗಗಳು ನಿಂತವು. ಆ ಸದ್ದಿಲ್ಲದ ಬೀದಿಯಲ್ಲಿ ನನಗೆ ಮಧ್ಯಾಹ್ನದ ಹೊತ್ತು ಭಯವಾಗುತ್ತಿತ್ತು. ಅಕ್ಕ ಕೆಲವು ಸಂಜೆ ಒಲೆಗೆ ಬರೀ ಬೆಂಕಿ ಹಾಕುತ್ತಿದ್ದಳು, ಸೂರಿನಲ್ಲಿ ಹೊಗೆ ಕಂಡರೆ ಅಕ್ಕಪಕ್ಕದವರು ಅಡುಗೆಯಾಗಿದೆ ಅಂದುಕೊಳ್ಳಲಿ ಎಂದು. ನಾನು ರಾಗಿ ಹಿಟ್ಟು ತೆಗೆದುಕೊಂಡು ಹೋದರೆ, "ಊರಿಂದ ತಂದಿದ್ದು ನಿಮ್ಗೇ ಇರ್ಲಿ" ಎಂದು ವಾಪಸು ಕಳಿಸುತ್ತಿದ್ದಳು.

ಯಜಮಾನರು ಕೊನೆಗೆ ಬೆಂಗಳೂರಿಗೆ ಹೊರಟರು. ನಮ್ಮದೇ ಸರ್ಕಾರ, ಕಚೇರಿಯಲ್ಲಿ ಕೂತಿರುವವರು ಕೇಳದೆ ಇರುತ್ತಾರೆಯೇ ಎಂಬ ನಂಬಿಕೆ. ಅವರು ಅಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾಗ ಇಲ್ಲಿ ಒಂದು ಬೆಳಿಗ್ಗೆ ಸಾಹುಕಾರರ ಗಿರಣಿಯಲ್ಲಿ ಲೆಕ್ಕ ಬರೆಯುವ ರೈಟರು ಗಾಡಿಯಲ್ಲಿ ನೂಲಿನ ಗಂಟು ತಂದು ಅವರ ಜಗಲಿಯ ಮೇಲೆ ಇಳಿಸಿದ. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ.

"ಏನಪ್ಪಾ ಇದು?" ಅಂದಳು ಅಕ್ಕ.

"ನಿಮ್ಮ ಯಜಮಾನ್ರು ಬೆಂಗ್ಳೂರ್ಗೋಗಿ ಗಲಾಟೆ ಮಾಡವ್ರಲ್ಲ, ಅದ್ಕೇ ಬಂದೈತೆ. ಪರ್ಮಿಟ್ ಚೀಟಿ ಆಮೇಲ್ ಕಳಿಸ್ತಾರೆ. ಹಾಸು ಹೂಡ್ಕೊಳ್ಳಿ ತಾಯಿ."

ಅವಳು ನಂಬಿದಳು. ಹಸಿದ ಮನೆಯ ಹೆಂಗಸು ನಂಬದೆ ಏನು ಮಾಡಿಯಾಳು? ಆ ಗಂಟನ್ನು ತಬ್ಬಿಕೊಂಡು ಕೂತಿದ್ದನ್ನು ನಾನೇ ಕಂಡಿದ್ದೇನೆ. ಬೀದಿಯಲ್ಲಿ ಬಹಳ ದಿನದ ಮೇಲೆ ನೂಲು ಕಂಡಿತ್ತು. ಎಲ್ಲರೂ ಬಂದರು. ಯಜಮಾನರು ಬರುವಷ್ಟರಲ್ಲಿ ಸಿದ್ಧವಾಗಿರಲಿ ಎಂದು ಸಂಭ್ರಮದಲ್ಲಿ ನೂಲು ಸುತ್ತಿದರು, ಹಾಸು ಹೂಡಿದರು, ಒಂದು ಬೆಳಿಗ್ಗೆ ಬೀದಿಗೆ ಎಳೆದು ಕಟ್ಟಿ ಹುಳಿಗಂಜಿ ಹಚ್ಚತೊಡಗಿದರು. ಅವತ್ತು ಎಲ್ಲರೂ ಮಾತಾಡುತ್ತಿದ್ದರು, ನಗುತ್ತಿದ್ದರು. ಆ ನಗು ಈಗಲೂ ಕಿವಿಯಲ್ಲಿದೆ...

ಅವರು ಸ್ಟೇಷನ್ ಕಡೆಯಿಂದ ನಡೆದು ಬಂದರು. ಕೈಯಲ್ಲಿ ಖಾಲಿ ಚೀಲ. ದೂರದಿಂದಲೇ ಹಾಸು ಕಂಡು ಮುಖ ಅರಳಿತು. ಚೀಲ ಕೆಳಗಿಟ್ಟು, ಯಾರದ್ದೆಂದೂ ಕೇಳದೆ ಒಬ್ಬರ ಕೈಯಿಂದ ಕುಂಚ ತೆಗೆದುಕೊಂಡು ಗಂಜಿ ಎಳೆಯತೊಡಗಿದರು. ಎಳೆಗಳ ಮೇಲೆ ಬೆರಳಾಡಿಸಿ ಆಮೇಲೆ ಕೇಳಿದರು, "ಯಾರ ಮನೇದಿದು?"

"ನಮ್ದೇ ಕಣ್ರೀ, ಗಿರಣಿ ರೈಟರು ತಂದ್ಕೊಟ್ರು. ನೀವೇ ಕಳಿಸಿದ್ದು ಅಂದ್ರಲ್ಲ" ಅಂದಳು ಅಕ್ಕ.

ಕುಂಚ ಹಿಡಿದ ಕೈ ನಿಂತಿತು. ಬೀದಿಯೂ ನಿಂತಿತು. ಅವರು ಹೆಂಡತಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಗಲಿಯ ಮೇಲೆ ಕೂತು, "ಗಂಟಾಗಿದ್ರೆ ತಗೊಂಡೋಗಿ ಅವ್ರ ಬಾಗಿಲಿಗೆ ಎಸ್ದು ಬರ್ತಿದ್ದೆ. ಗಂಜಿ ಕುಡಿದ ನೂಲನ್ನ ಹೆಂಗ್ ವಾಪಸ್ ಕೊಡ್ಲಿ?" ಅಂದರು.

ಆ ಸಂಜೆ ವಕೀಲರ ಮನೆಗೆ ಹೋಗಿ ಎಲ್ಲವನ್ನೂ ಹೇಳಿಕೊಂಡರಂತೆ. ಜೈಲಿನ ಗೆಳೆಯ, ದಾರಿ ತೋರಿಸುತ್ತಾನೆ ಎಂದು. ವಾಪಸು ಬಂದು ನಮ್ಮವರ ಹತ್ತಿರ ಮೆಲ್ಲಗೆ ಅಂದರು: "ನೇಯ್ಕೊಳ್ಳಿ, ಓಟು ಮಾತ್ರ ನಮಗಾಕಿ ಅಂತಾರೆ ಮೇಷ್ಟ್ರೇ. ಅವ್ರೂ ನಮ್ಮನೆಗೊಂದು ಗಂಟು ಕಳಿಸ್ಬೇಕು ಅಂತಿದ್ರಂತೆ, ಸಾಹುಕಾರ್ರು ಮುಂಚೆ ಕಳಿಸ್ಬಿಟ್ರಂತೆ." ನಮ್ಮವರು ಎಂದಿನಂತೆ ಬಾಗಿಲ ಕಡೆ ನೋಡಿದರು. ನನಗೆ ಮೈ ಉರಿಯಿತು. ಆ ವಕೀಲರ ಟೋಪಿ ಹಳೆಯದು ಎಂಬುದಷ್ಟೇ ವ್ಯತ್ಯಾಸ.

ಓಟಿನ ದಿನದವರೆಗೂ ಬೀದಿಯವರು ಬಂದು ಬಂದು ಅವರನ್ನು ಬೇಡಿಕೊಂಡರು. ಸಾಹುಕಾರರಿಗೇ ಹಾಕಿಬಿಡಿ, ಗೆದ್ದರೆ ಡಿಪೋ ಅವರ ಕೈಗೆ ಬರುತ್ತದೆ, ಎಲ್ಲರ ಮಗ್ಗಕ್ಕೂ ನೂಲು ಬರುತ್ತದೆ ಎಂದು. ಅಕ್ಕ ಅತ್ತು ಕೇಳಿದಳು. ಅವರು ಯಾರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಹಾಸನ್ನು ಮಗ್ಗಕ್ಕೂ ಏರಿಸಲಿಲ್ಲ. ಸುತ್ತಿ ಮೂಲೆಯಲ್ಲಿಟ್ಟು ಅದರ ಎದುರೇ ಕೂತಿರುತ್ತಿದ್ದರು.

ಸಭೆ ನಡೆದದ್ದು ಛತ್ರದಲ್ಲಿ. ಯಜಮಾನರು ಆ ಸುತ್ತಿದ ಹಾಸನ್ನು ಹೆಗಲ ಮೇಲೆ ಹೊತ್ತು ಬೀದಿಯ ನಡುವೆ ಹೊರಟಾಗ ನಾವೆಲ್ಲ ಹಿಂದೆ ಹಿಂದೆ ಹೋದೆವು. ಕಿಟಕಿಯಿಂದ ನೋಡಿದೆ. ಬಂದೋಬಸ್ತಿಗೆ ಬಂದ ಅಧಿಕಾರಿಗಳು, ಪೊಲೀಸಿನವರು, ಅಷ್ಟೂ ಟೋಪಿಗಳು ಕೂತಿದ್ದವು. ಇವರು ಹಾಸನ್ನು ಜಮಖಾನದ ಮೇಲೆ ಇಳಿಸಿ ಕೈಮುಗಿದರು.

"ಇದು ನನ್ನ ಓಟಿಗೆ ಅಂತ ಬಂದಿರೋ ನೂಲು. ನಮ್ಮೋರು ತಿಳೀದೆ ಗಂಜಿ ಹಾಕ್ಬಿಟ್ಟವ್ರೆ. ಕೊಟ್ಟೋರು ಯಾರೋ ದಯವಿಟ್ಟು ತಗೊಂಡೋಗಿ. ಆಮೇಲೆ ನಾನು ಓಟ್ ಹಾಕ್ತೀನಿ."

ಸಾಹುಕಾರರು ತಮಗೇನೂ ಗೊತ್ತಿಲ್ಲ ಅಂದರು. ರೈಟರು ಆ ಬೀದಿಗೇ ಹೋಗಿಲ್ಲ ಅಂದ. ಯಜಮಾನರು ವಕೀಲರ ಮುಖ ನೋಡಿದರು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಒಬ್ಬರು, ಯಾರೆಂದು ತಿಳಿಯಲಿಲ್ಲ, ಈ ನೂಲಿಗೆ ಪರ್ಮಿಟ್ಟು ಎಲ್ಲಿದೆ ಅಂತ ಕೇಳಿದರು. ಯಾರದ್ದೂ ಅಲ್ಲದ ನೂಲು, ಹೊತ್ತು ತಂದವರದ್ದೇ ಆಯಿತು. ಓಟು ಹಾಕುವ ಮುಂಚೆಯೇ ಅವರನ್ನು ಠಾಣೆಗೆ ಕರೆದುಕೊಂಡು ಹೋದರು. ಛತ್ರದ ಬಾಗಿಲಲ್ಲಿ ಅಕ್ಕ, "ಅವ್ರಲ್ಲ ಈಸ್ಕೊಂಡಿದ್ದು, ನಾನು" ಎಂದು ಒಂದೇ ಸಮನೆ ಹೇಳುತ್ತಲೇ ಇದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಸಭೆ ಮುಂದುವರಿಯಿತು. ಸಾಹುಕಾರರು ಗೆದ್ದರು.

ಓಟು ಕೊಂಡರಂತೆ ಎಂದು ವಕೀಲರ ಕಡೆಯವರು ಮೇಲಿನವರಿಗೆ ದೂರು ಕೊಟ್ಟರು. ವಿಚಾರಣೆಗೆಂದು ಬೆಂಗಳೂರಿನಿಂದ ಮೂವರು ಬಂದು ಕಾಫಿ ಕುಡಿದು ಹೋದರು. ಆಮೇಲೆ ರಾಜಿಯಾಯಿತು. ವಕೀಲರಿಗೆ ಅದೇ ಸಮಿತಿಯಲ್ಲಿ ಒಂದು ಕುರ್ಚಿ ಸಿಕ್ಕಿತು. ಹಾಸು ಸಾಕ್ಷಿಯೆಂದು ಠಾಣೆಯ ಮೂಲೆಯಲ್ಲಿ ಬಿದ್ದಿತ್ತು, ಗಂಜಿಯ ಆಸೆಗೆ ಇಲಿಗಳು ಕಡಿದು ಹಾಕಿದವಂತೆ.

ಶಿಕ್ಷೆ ಮುಗಿಸಿ ಯಜಮಾನರು ಮತ್ತೆ ಜೈಲಿನಿಂದ ಬಂದರು. ಈ ಸಲ ವಾಲಗವಿಲ್ಲ. ಸ್ಟೇಷನ್ನಿನಿಂದ ಹಿತ್ತಲ ಓಣಿ ಹಿಡಿದು ಬಂದು ಒಳಗೆ ಹೊಕ್ಕರು. ದೇಶಕ್ಕೆಂದು ಹೋಗಿದ್ದವರು ಈಗ ಕಳ್ಳನೂಲಿನ ಕೇಸಿನವರು. ಅವರು ಮೊದಲು ಮಾಡಿದ ಕೆಲಸ ಮಗ್ಗದ ಕುಣಿಗೆ ಬುಟ್ಟಿ ಬುಟ್ಟಿ ಮಣ್ಣು ತಂದು ಸುರಿದು ಮುಚ್ಚಿದ್ದು. ನಾನು ತಡೆಯಲು ಹೋದೆ. ಅಕ್ಕ ನನ್ನ ಕೈ ಹಿಡಿದು, ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಅವರು ಕೂಲಿಗೆ ಹೋದದ್ದು ಸಾಹುಕಾರರು ಹೊಸದಾಗಿ ಹಾಕಿದ ಕರೆಂಟು ಮಗ್ಗದ ಷೆಡ್ಡಿಗೆ. ನೂಲು ಇದ್ದದ್ದು ಅಲ್ಲೊಂದೇ ಕಡೆ. ಹೊಟ್ಟೆಪಾಡು ಅಂದುಕೊಳ್ಳಲು ನನ್ನಿಂದ ಇವತ್ತಿಗೂ ಆಗುವುದಿಲ್ಲ, ಆ ಊರಿನ ಮೇಲೆ ಇನ್ನೂ ಸಿಟ್ಟಿದೆ.

ಸ್ವಲ್ಪ ದಿನಕ್ಕೆ ನಮ್ಮವರಿಗೆ ನೆಲಮಂಗಲಕ್ಕೆ ವರ್ಗವಾಯಿತು. ಸಾಮಾನು ಗಾಡಿಗೆ ಏರಿಸಿ ಹೇಳಿಹೋಗಲು ನಿಂತಾಗ ಯಜಮಾನರು ಜಗಲಿಯ ಮೇಲಿದ್ದರು. ಎದ್ದು ಗಾಡಿಯವರೆಗೆ ಬಂದರು. ಏನೋ ಹೇಳಬೇಕೆಂದು ತಡವರಿಸಿ ಆಮೇಲೆ ಕೇಳಿದರು.

"ಆ ಹಾಸು... ಚೆನ್ನಾಗ್ ಬಂದಿತ್ತು ಅಲ್ವೇನಮ್ಮಾ?"

"ಬಂದಿತ್ತು ಯಜಮಾನ್ರೇ" ಅಂದೆ.

ಆಮೇಲೆ ಅವರನ್ನು ನೋಡಲಿಲ್ಲ. ಅಕ್ಕ ತೀರಿಹೋದ ಸುದ್ದಿ ಒಂದು ಮದುವೆಮನೆಯಲ್ಲಿ ಯಾರ ಬಾಯಿಂದಲೋ ಕೇಳಿದೆ, ಅವರದ್ದು ಅದಕ್ಕೂ ಮುಂಚೆಯೇ ಆಗಿತ್ತಂತೆ. ಹೋದ ವರ್ಷ ಮಗ ಕಾರಿನಲ್ಲಿ ಆ ಬೀದಿಗೆ ಕರೆದುಕೊಂಡು ಹೋಗಿದ್ದ. ಎರಡು ಕಡೆಯೂ ಯಂತ್ರದ ಮಗ್ಗದ ಗಲಾಟೆ, ಬೀದಿ ತುಂಬ ಬೈಕುಗಳು. ಎದುರುಮನೆ ಯಾವುದೆಂದು ಗುರುತು ಹತ್ತಲಿಲ್ಲ. ಕೇಳೋಣವೆಂದರೆ ಅವರನ್ನು ಕಂಡವರು ಒಬ್ಬರೂ ಉಳಿದಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಎದ್ದು ಗಂಜಿಯನ್ನು ಕರಿಬೇವಿನ ಬುಡಕ್ಕೆ ಸುರಿದೆ. ಸೊಸೆ ಸೋಪು ತಂದುಕೊಟ್ಟಳು. ಆ ಹುಳಿ ವಾಸನೆ ಹತ್ತಿದ ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ.