ಅಳತೆಯಕ್ಕನ ಐದು ಕೈಗಳು

ಕೈ ಕೆಸರಾದರೆ ಬಾಯಿ ಮೊಸರು ಎಂದು ಹೇಳಿದವರು, ಕೈಯೇ ಹೋದರೆ ಬಾಯಿಗೇನು ಎಂಬುದನ್ನು ಹೇಳದೆ ಹೋದರು. ಊರ ಹೊರಗಿನ ಬಯಲಲ್ಲಿ ಹೊಸ ಕಾರ್ಖಾನೆಗಳು ಸಾಲುಗಟ್ಟಿ ಎದ್ದ ಕಾಲದಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿದವಳು ಅಳತೆಯಕ್ಕ. ಆಗ ಅವಳಿಗೆ ಆ ಹೆಸರಿರಲಿಲ್ಲ. ವಾಹನಗಳಿಗೆ ತಗಡಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎರಡನೇ ಪಾಳಿಯಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದವಳು, ಅಷ್ಟೇ.

ಆ ಕಾರ್ಖಾನೆಗೆ ಹೆಣ್ಣುಮಕ್ಕಳನ್ನೇ ಆರಿಸಿ ಸೇರಿಸಿಕೊಂಡಿದ್ದರು. ಸಣ್ಣ ಬೆರಳು, ಚುರುಕು ಬೆರಳು, ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂದು ಮ್ಯಾನೇಜರು ಬಂದವರಿಗೆಲ್ಲ ತೋರಿಸುತ್ತಿದ್ದ. ಕೊಟ್ಟ ಕೈಗವಸು ಮಾತ್ರ ಗಂಡಸಿನ ಅಳತೆಯದು. ಮೂಗಿಗಿಂತ ಮೂಗುತಿ ಭಾರ. ಬೆರಳ ತುದಿಯಿಂದಾಚೆ ಒಂದಿಂಚು ಬಟ್ಟೆ ಜೋಲಾಡುತ್ತಿತ್ತು. ಹಾಕಿಕೊಂಡರೆ ಯಂತ್ರ ಎಳೆಯುತ್ತದೆ, ಬಿಚ್ಚಿದರೆ ತಗಡು ಕೊಯ್ಯುತ್ತದೆ. ಒಂದು ಮಧ್ಯಾಹ್ನ ಪಕ್ಕದ ಯಂತ್ರದವಳ ಗವಸಿನ ಜೋಲು ತುದಿ ಪ್ರೆಸ್ಸಿನಡಿ ಸಿಕ್ಕಿತು. ಗವಸಿನ ಜೊತೆ ಎರಡು ಬೆರಳೂ ಹೋದವು. ಆಕೆ ಆಸ್ಪತ್ರೆಯಿಂದ ಬಂದವಳೇ ತನ್ನನ್ನು ಮೂರ್ಬೆರಳಿ ಎಂದು ಕರೆದುಕೊಂಡಳು. ಊರವರು ಬೆನ್ನ ಹಿಂದೆ ಕರೆಯುವ ಮೊದಲು ತಾನೇ ಕರೆದುಕೊಂಡುಬಿಟ್ಟರೆ ಅವರ ಬಾಯಿಗೆ ಕೆಲಸವಿರುವುದಿಲ್ಲ ಎಂಬುದು ಆಕೆಯ ಲೆಕ್ಕ.

ನಾವು ಕಾರ್ಮಿಕ ಸಂಘದವರು ಹನ್ನೊಂದು ದಿನ ಗೇಟಿನ ಮುಂದೆ ಕೂತೆವು. ಗೆದ್ದೆವು. ಕೆಲಸಗಾರರ ಕೈಗೆ ಹೊಂದುವ ಗವಸು ಕೊಡತಕ್ಕದ್ದು ಎಂಬ ಸಾಲಿಗೆ ಮ್ಯಾನೇಜರು ಸಹಿ ಹಾಕಿದ. ಮೆರವಣಿಗೆ ಹೊರಟು ಗಂಟಲು ಹರಿಯುವಷ್ಟು ಕೂಗಿದೆವು. ಮೂರು ತಿಂಗಳಾಯಿತು, ಗವಸು ಬರಲಿಲ್ಲ. ಕೇಳಲು ಹೋದರೆ, ಹೆಂಗಸರ ಅಳತೆಯ ತಗಡು ಕೆಲಸದ ಗವಸನ್ನು ಯಾರೂ ಮಾಡುವುದೇ ಇಲ್ಲ ಎಂದು ಅವನು ಕೈ ಚೆಲ್ಲಿದ. ನಂಬದೆ ನಾವೇ ಅಂಗಡಿ ಅಂಗಡಿ ತಿರುಗಿದೆವು. ಅವನು ಸುಳ್ಳು ಹೇಳಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಕೇಳುವುದು ಒಂದು ಕಸುಬು, ಮಾಡುವುದು ಇನ್ನೊಂದು. ನಮಗೆ ಮೊದಲನೆಯದು ಮಾತ್ರ ಬರುತ್ತಿತ್ತು.

"ನಾನೇ ಹೊಲೀತೀನಿ" ಎಂದಳು ಅಳತೆಯಕ್ಕ, ಸಂಘದ ಸಭೆಯಲ್ಲಿ.

ಸಂಘದ ಕಾರ್ಯದರ್ಶಿಗೆ ನಗು ಬಂತು. ಮಾಲೀಕರ ಜೊತೆ ಜಗಳವಾಡಿಯೇ ತಲೆ ನರೆಸಿಕೊಂಡ ಮನುಷ್ಯ ಅವನು.

"ಏನಮ್ಮಾ, ಮಾಲೀಕಳಾಗೋ ಆಸೇನಾ? ನಾಳೆ ನಿನ್ನ ಗೇಟಿನ ಮುಂದೇನೂ ನಾವು ಬಂದು ಕೂರಬೇಕಾಗುತ್ತೆ ನೋಡು."

"ಕೂತ್ಕೊಳಣ್ಣ. ನೆರಳು ಹಾಕ್ಸಿರ್ತೀನಿ."

ಮುಷ್ಕರಕ್ಕೆಂದು ಅಚ್ಚು ಹಾಕಿಸಿ ಉಳಿದಿದ್ದ ಕರಪತ್ರಗಳ ಕಟ್ಟನ್ನು ಅವಳು ಮನೆಗೆ ಹೊತ್ತುಕೊಂಡು ಹೋದಳು. ಮರುದಿನದಿಂದ ಚಹಾ ಬಿಡುವಿನಲ್ಲಿ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಕರಪತ್ರದ ಖಾಲಿ ಬೆನ್ನಿನ ಮೇಲೆ ಒಬ್ಬೊಬ್ಬರ ಕೈ ಇಡಿಸಿ, ಬಡಗಿಯ ದಪ್ಪ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಳು. ಭವಿಷ್ಯ ಹೇಳುತ್ತೀಯೇನೇ, ನನಗೆ ಎರಡನೇ ಗಂಡ ಇದ್ದಾನಾ ನೋಡು ಎಂದು ಹೆಂಗಸರು ತಮಾಷೆ ಮಾಡಿದರು. ಅಳತೆಯಕ್ಕ ಎಂಬ ಹೆಸರು ಅಲ್ಲಿ ಹುಟ್ಟಿತು. ನಾನೂರ ಹನ್ನೆರಡು ಕೈ ಸೇರಿದವು.

ಮೊದಲ ಗವಸು ಹಾಳಾಯಿತು. ಕಾಗದದ ಮೇಲೆ ಚಪ್ಪಟೆಯಾಗಿ ಇಟ್ಟ ಕೈಗೆ ಹೊಲಿದದ್ದು ತಗಡು ಹಿಡಿದ ಕೂಡಲೇ ಗೆಣ್ಣಿನ ಮೇಲೆ ಬಿಗಿದುಕೊಂಡಿತು. ಮೂರ್ಬೆರಳಿಯೇ ತಪ್ಪು ಹಿಡಿದದ್ದು. ಆಶೀರ್ವಾದ ಮಾಡೋ ಕೈಗೆ ಹೊಲಿದಿದ್ದೀಯಲ್ಲೇ, ದುಡಿಯೋ ಕೈ ಹಾಗಿರುತ್ತಾ ಎಂದು ಬೈದಳು. ಮತ್ತೆ ಮೊದಲಿನಿಂದ ಶುರು. ಈ ಸಲ ಪ್ರತಿಯೊಬ್ಬರ ಕೈಗೂ ತಗಡಿನ ತುಂಡು ಹಿಡಿಸಿ, ಮಡಿಚಿದ ಬೆರಳಿನ ಮೇಲೆ ದಾರ ಹಾಯಿಸಿ ಅಳೆದಳು. ಐದು ಅಳತೆ ನಿಂತವು. ಅವಕ್ಕೆ ಸಂಖ್ಯೆ ಕೊಡುವ ಬದಲು ಆಯಾ ಅಳತೆಗೆ ಸರಿಹೊಂದುವ ತನ್ನ ಮನೆಯ ಹೆಂಗಸರ ಹೆಸರು ಕೊಟ್ಟಳು: ನಾದಿನಿ, ಓರಗಿತ್ತಿ, ಚಿಕ್ಕಮ್ಮ, ಅತ್ತೆ, ದೊಡ್ಡಮ್ಮ. ಗೇಟಿನಲ್ಲಿ ಒಬ್ಬಳು ಬಂದು ನನಗೆ ಎರಡು ಅತ್ತೆ ಕೊಡೇ ಎಂದರೆ, ಮನೇಲಿರೋ ಒಬ್ಬರು ಸಾಲಲ್ವಾ ಎಂದು ಇನ್ನೊಬ್ಬಳು ಕಿಚಾಯಿಸುತ್ತಿದ್ದಳು.

ಆರು ತಿಂಗಳಾಗುವಷ್ಟರಲ್ಲಿ ಅವಳು ಪ್ರೆಸ್ಸಿನ ಕೆಲಸ ಬಿಟ್ಟು, ಹಳೆಯ ಮರದ ಡಿಪೋದ ಒಂದು ಮೂಲೆಯಲ್ಲಿ ಹೊಲಿಗೆಯ ಶೆಡ್ಡು ಹಾಕಿದ್ದಳು. ಕತ್ತರಿಸುವ ಮೇಜಿಗೆ ಮೂರ್ಬೆರಳಿಯೇ ಯಜಮಾನಿ. ಉಳಿದ ಬೆರಳಿಗೆ ಕತ್ತರಿಯ ಹಿಡಿಯನ್ನು ಬಗ್ಗಿಸಿಕೊಂಡು, ಎಂಟು ಪದರದ ದಪ್ಪ ಬಟ್ಟೆಯನ್ನು ಬೆಣ್ಣೆಯ ಹಾಗೆ ಕತ್ತರಿಸುತ್ತಿದ್ದಳು. ಅಷ್ಟರಲ್ಲಿ ಅಳತೆಯಕ್ಕನ ಕಣ್ಣಿಗೆ ಇನ್ನೊಂದು ಬಿತ್ತು. ತಗಡು ತಳ್ಳುವ ಬಲಗೈ ಗವಸು ಇಪ್ಪತ್ತು ದಿನಕ್ಕೆ ಹರಿಯುತ್ತದೆ, ಎಡಗೈಯದು ನಲವತ್ತು ದಿನ ಬಾಳುತ್ತದೆ. ಜೋಡಿಯಲ್ಲೇ ಕೊಳ್ಳಬೇಕೆಂಬ ಕಟ್ಟಳೆಯಿಂದ ಎಷ್ಟು ಎಡಗೈ ಗವಸು ಕಸದ ಬುಟ್ಟಿಗೆ ಹೋಗುತ್ತಿತ್ತೋ. ಅವಳು ಒಂಟಿ ಗವಸು ಮಾರತೊಡಗಿದಳು. ಬಲಗೈ ಬೇಕೋ, ಬಲಗೈ ತಗೋ. ಗವಸಿನ ಸಗಟು ವ್ಯಾಪಾರಿಯೊಬ್ಬ, ನಾಳೆ ಒಂಟಿ ಚಪ್ಪಲಿ ಮಾರುತ್ತೀಯಾ ಎಂದು ನಕ್ಕನಂತೆ. ನಕ್ಕವನು ನಗುತ್ತಲೇ ಇದ್ದ. ಮೂರು ಕಾರ್ಖಾನೆಗಳು ಅವಳ ಕಡೆ ತಿರುಗಿದವು. ಬೆಳವಣಿಗೆ, ಹೊಸ ಉದ್ಯಮ, ಅವಕಾಶ ಎಂದು ಟೈ ಕಟ್ಟಿದವರು ವೇದಿಕೆಯ ಮೇಲೆ ನಿಂತು ಹೇಳುವುದನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಹರಿದ ಗವಸನ್ನು ಕೈಯಲ್ಲಿ ಹಿಡಿದು ಯಾವ ಕಡೆ ಹರಿದಿದೆ ಎಂದು ನೋಡಿದವನು ಅಲ್ಲಿ ಒಬ್ಬನೂ ಕಾಣಲಿಲ್ಲ.

ಹದಿನಾಲ್ಕು ಹೆಂಗಸರು ಶೆಡ್ಡಿನಲ್ಲಿ ದುಡಿಯುತ್ತಿದ್ದಾಗ ಸರ್ಕಾರದ ಹೊಸ ನಿಯಮ ಬಂತು. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಪರೀಕ್ಷಾ ಕಚೇರಿಯ ಮುದ್ರೆಯಿಲ್ಲದ ಗವಸನ್ನು ಯಾವ ಕಾರ್ಖಾನೆಯೂ ಕೊಳ್ಳುವಂತಿಲ್ಲ. ನಿಯಮ ಒಳ್ಳೆಯದೇ, ನಾವೇ ಕೇಳಿದ್ದು. ಆದರೆ ಮುದ್ರೆ ಸಿಗದಿದ್ದರೆ ಶೆಡ್ಡು ಮುಚ್ಚುತ್ತದೆ, ಅದಕ್ಕಿಂತ ಹೆಚ್ಚಾಗಿ ಸಾವಿರಾರು ಹೆಣ್ಣುಮಕ್ಕಳು ಮತ್ತೆ ಆ ಜೋಲು ಗವಸಿಗೇ ಹೋಗಬೇಕು.

ಅವಳು ಐದು ತಾಸು ಬಸ್ಸಿನಲ್ಲಿ ಕೂತು ಪರೀಕ್ಷಾ ಕಚೇರಿಗೆ ಹೋದಳು. ಪರೀಕ್ಷಕ ಕನ್ನಡಕದ ಸಣಕಲು ಮನುಷ್ಯ, ಒರಟನಲ್ಲ. ಬ್ಲೇಡಿನ ಪರೀಕ್ಷೆಯಲ್ಲಿ ಗವಸು ಗೆದ್ದಿತು. ಆಮೇಲೆ ಅವನು ಕಪಾಟಿನಿಂದ ಒಂದು ಮರದ ಕೈ ತೆಗೆದು ಮೇಜಿನ ಮೇಲೆ ನಿಲ್ಲಿಸಿದ. ಗವಸು ಅದರ ಮೇಲೆ ಸರಿಯಾಗಿ ಕೂರಬೇಕು. ಸೌದೆ ಸೀಳುವವನ ಕೈಯಷ್ಟು ದಪ್ಪ ಇತ್ತು ಅದು. ಅವನು ಎಳೆದ, ತುರುಕಿದ, ಕೊನೆಗೆ ಹೆಬ್ಬೆರಳಿನ ಹೊಲಿಗೆ ಚರ್ರೆಂದು ಬಿಚ್ಚಿಕೊಂಡಿತು. ಅನರ್ಹ ಎಂದು ಬರೆಯಲು ಪೆನ್ನು ತೆಗೆದ.

"ಈ ಕೈ ಯಾರದು ಸಾರ್?" ಎಂದು ಅವಳು ಕೇಳಿದಳು.

"ಯಾರದೂ ಅಲ್ಲಮ್ಮ. ಇದು ಸ್ಟ್ಯಾಂಡರ್ಡು."

"ಯಾರದೂ ಅಲ್ಲದ ಕೈಗೆ ನಾನ್ಯಾಕ್ ಸಾರ್ ಹೊಲೀಲಿ?"

ಅವನು ಪೆನ್ನು ಕೆಳಗಿಟ್ಟ. ಎದ್ದು ಹೋಗಿ ನಿಯಮಗಳ ಪುಸ್ತಕ ತಂದು, ಹಿಂದಿನ ಪುಟಗಳಲ್ಲಿ ಹುಡುಕಿ, ಬೆರಳಿಟ್ಟು ಓದಿದ. ಬೇರೆ ಅಳತೆಯ ಗವಸು ಮಾಡುವವರು ತಮ್ಮದೇ ಮಾದರಿ ಕೈ ಸಲ್ಲಿಸಬಹುದು. ಒಂದೊಂದು ಅಳತೆಗೂ ಕನಿಷ್ಠ ಇನ್ನೂರು ಕೆಲಸಗಾರರ ಕೈ ಅಳೆದ ದಾಖಲೆ ಬೇಕು. ಸಲ್ಲಿಸಿದ ಮಾದರಿ ಕಚೇರಿಯಲ್ಲೇ ಉಳಿಯುತ್ತದೆ, ದೇಶದ ಯಾವ ತಯಾರಕರು ಬೇಕಾದರೂ ಅದನ್ನು ಬಳಸಬಹುದು. ಇದುವರೆಗೆ ಇದನ್ನು ಯಾರೂ ಮಾಡಿಲ್ಲ ಎಂದೂ ಸೇರಿಸಿದ.

ಐದು ಅಳತೆ, ಸಾವಿರ ಕೈ. ಅವಳ ಬಳಿ ಇದ್ದದ್ದು ನಾನೂರ ಹನ್ನೆರಡು. ಉಳಿದದ್ದು ಹತ್ತೊಂಬತ್ತು ದಿನ.

ವಾಪಸು ಬಂದವಳು ನೇರವಾಗಿ ಸಂಘದ ಕಚೇರಿಗೆ ಬಂದಳು. ಕಾರ್ಯದರ್ಶಿ ಪೂರ್ತಿ ಕೇಳಿಸಿಕೊಂಡ. ಈ ಸಲ ನಗಲಿಲ್ಲ. ಗೇಟುಗಳ ಪಟ್ಟಿ ತೆಗೆದು, ಯಾವ ಪಾಳಿ ಎಷ್ಟು ಹೊತ್ತಿಗೆ ಬಿಡುತ್ತದೆ, ಯಾವ ಗೇಟಿಗೆ ಯಾರು ಎಂದು ಬರೆಯತೊಡಗಿದ. ಅದು ನಮಗೆ ಗೊತ್ತಿದ್ದ ವಿದ್ಯೆ. ಮರುದಿನ ಒಂಬತ್ತು ಗೇಟುಗಳಲ್ಲಿ ಒಬ್ಬೊಬ್ಬರ ಕೈಯಲ್ಲಿ ದಾರ, ತಗಡಿನ ತುಂಡು, ಕಾಗದ. ಕಾವಲುಗಾರರು ಮತ್ತೆ ಮುಷ್ಕರವೆಂದು ಹೆದರಿ ಫೋನು ಮಾಡಿದರು. ಪೊಲೀಸರು ಬಂದು ನೋಡಿದರೆ, ಇನ್ನೂರು ಹೆಂಗಸರು ಸಾಲಾಗಿ ನಿಂತು ಕೈ ಚಾಚಿದ್ದಾರೆ. ಯಾವ ಸೆಕ್ಷನ್ನು ಹಾಕಬೇಕೆಂದು ತಿಳಿಯದೆ ವಾಪಸು ಹೋದರು. ಹನ್ನೆರಡನೆಯ ದಿನಕ್ಕೆ ಸಾವಿರದ ನಲವತ್ತು ಕೈ.

ಇತ್ತ ಬಡಗಿ ಕೆಲಸದ ಅವಳ ಮೈದುನ ಮರದ ಕೈ ಕೆತ್ತಲು ಕೂತ. ಬಾಗಿಲು ಕಿಟಕಿ ಮಾಡಿದವನು, ಬೆರಳು ಕೆತ್ತಿ ಗೊತ್ತಿಲ್ಲ. ಮೊದಲನೆಯದನ್ನು ಅವನ ತಾಯಿ, ಅಂದರೆ ಅಳತೆಯಕ್ಕನ ಅತ್ತೆ, ತಿರುವಿ ಮುರುವಿ ನೋಡಿ, ಇದು ಕೈಯೋ ಸೌಟೋ ಎಂದು ಕೇಳಿದರು. ಏಳು ಕೈ ಬೆಂಕಿಗೆ ಹೋದವು. ಆಮೇಲೆ ಅವನು ತಾಯಿಯನ್ನೇ ಮುಂದೆ ಕೂರಿಸಿಕೊಂಡು, ಗೆಣ್ಣು ಗೆಣ್ಣು ಮುಟ್ಟಿ ನೋಡುತ್ತ ಉಳಿ ಹಿಡಿದ. ಬಟ್ಟೆ ಒಗೆದು ಸವೆದ ಹೆಬ್ಬೆರಳ ವಾರೆಯೂ ಮರದಲ್ಲಿ ಬಂತು. ಉಳಿದ ನಾಲ್ಕು ಅಳತೆಗೂ ಮನೆಯ ಹೆಂಗಸರು ಹಾಗೆಯೇ ಒಬ್ಬೊಬ್ಬರಾಗಿ ಅವನ ಮುಂದೆ ಕೂತರು.

ಕಡೆಯ ಕೈಯನ್ನು ಉಜ್ಜಿ ನಯ ಮಾಡಿದ ಮಧ್ಯಾಹ್ನ ಅವನೇ ಮಾತು ತೆಗೆದ. ನಾವೆಲ್ಲ ಶೆಡ್ಡಿನಲ್ಲಿದ್ದೆವು.

"ಅತ್ತಿಗೆ, ಇದನ್ನ ಅಲ್ಲಿ ಕೊಟ್ಟುಬಂದ್ರೆ ದೊಡ್ಡ ಕಂಪನಿಯೋರು ಮಾರನೇ ದಿನಾನೇ ಇದೇ ಅಳತೇಲಿ ಹೊಲೀತಾರೆ. ನಿಮ್ಮ ಹತ್ರ ಇರೋದು ಇದೊಂದೇ. ಬೇರೆ ದಾರಿ ನೋಡಿ."

ಯಂತ್ರಗಳು ನಿಂತವು. ಹದಿನಾಲ್ಕು ಹೆಂಗಸರ ಅನ್ನದ ಮಾತು. ಕಾರ್ಯದರ್ಶಿ ಅವಳ ಮುಖವನ್ನೇ ನೋಡುತ್ತಿದ್ದ. ಮಾಲೀಕಳಾಗಿದ್ದಾಳೋ ಇಲ್ಲವೋ ಎಂಬುದು ಅವತ್ತು ಗೊತ್ತಾಗುವುದಿತ್ತು. ಅವಳು ದೊಡ್ಡಮ್ಮನ ಅಳತೆಯ ಕೈಗೆ ಗವಸು ತೊಡಿಸಿ, ತೆಗೆದು, ಮತ್ತೆ ತೊಡಿಸಿದಳು.

"ಹೊಲೀಲಿ ಬಿಡೋ. ಹೊಲಿದ್ರೆ ಹೆಣ್ಮಕ್ಕಳ ಕೈಗೆ ಆಗೋ ಗ್ಲೌಸನ್ನೇ ತಾನೆ ಹೊಲೀಬೇಕು? ನಾವು ಕೇಳಿದ್ದೂ ಅದನ್ನೇ. ಅವರಿಗಿಂತ ಚೆನ್ನಾಗಿ ಹೊಲಿಯೋಕೆ ನನಗೇನು ಬೇನೇನಾ?"

ಮೂರ್ಬೆರಳಿ ಕತ್ತರಿ ಎತ್ತಿಕೊಂಡು, ಸಭೆ ಮುಗೀತಲ್ಲ, ಬಟ್ಟೆ ಹಾಸಿ ಎಂದಳು.

ಹದಿನೆಂಟನೆಯ ದಿನ ಅವರು ಪರೀಕ್ಷಾ ಕಚೇರಿಗೆ ಹೋದರು. ಮರದ ಕೈ ಐದು, ಅವುಗಳ ಒಡತಿಯರು ಐದು ಜನ, ಅಳತೆಯಕ್ಕ, ಮೂರ್ಬೆರಳಿ. ಕಾಗದದ ಮೂಟೆ ಹೊರಲು ಕಾರ್ಯದರ್ಶಿ. ಮರ ಸುಳ್ಳು ಹೇಳುತ್ತದೆ ಎಂದು ಯಾರಾದರೂ ಅಂದರೆ ನಿಜವಾದ ಕೈ ಮುಂದಿಡಬೇಕೆಂದು ಅವಳು ಎಲ್ಲರನ್ನೂ ಹೊರಡಿಸಿದ್ದಳು. ಪರೀಕ್ಷಕ ಹಾಗೆಯೇ ಮಾಡಿದ. ಕ್ಯಾಲಿಪರ್ ಹಿಡಿದು ಒಬ್ಬೊಬ್ಬರ ಬೆರಳನ್ನೂ ಅದರ ಮರದ ಜೋಡಿಯನ್ನೂ ಅಳೆದ. ಅತ್ತೆಯ ಸರದಿ ಬಂದಾಗ ತಣ್ಣನೆಯ ಕಬ್ಬಿಣಕ್ಕೆ ಅವರು ಕೈ ಹಿಂದಕ್ಕೆಳೆದುಕೊಂಡರು.

"ಮೆಲ್ಲಗಪ್ಪಾ. ನಮ್ಮನೆಯವರು ಒಬ್ಬರೇ ಹಿಡಿದಿದ್ದ ಕೈ ಇದು. ಇನ್ಮೇಲೆ ದೇಶದ ಕಂಪನಿಯೋರೆಲ್ಲ ಹಿಡೀತಾರಂತೆ."

ಪರೀಕ್ಷಕನ ಕನ್ನಡಕ ಜಾರಿತು. ನಗುತ್ತಲೇ ಅಳತೆ ಬರೆದುಕೊಂಡ. ಐದಕ್ಕೆ ಐದೂ ಸರಿ ಬಂದವು. ಗವಸು ಒಂದೊಂದಾಗಿ ಮರದ ಕೈ ಮೇಲೆ ಇಳಿದವು, ಎಲ್ಲೂ ಜೋಲಲಿಲ್ಲ, ಎಲ್ಲೂ ಬಿಗಿಯಲಿಲ್ಲ. ಆಗ ಅವನ ಕಣ್ಣು ಮೂರ್ಬೆರಳಿಯ ಕೈ ಮೇಲೆ ಬಿತ್ತು. ಆಕೆ ತಾನೇ ಕತ್ತರಿಸಿಕೊಂಡ ಮೂರು ಬೆರಳಿನ ಗವಸು ಹಾಕಿಕೊಂಡಿದ್ದಳು. ಇದಕ್ಕೂ ಒಂದು ಮಾದರಿ ಕೊಡುತ್ತೀರಾ ಎಂದು ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

"ಬೇಡ ಸಾರ್" ಎಂದಳು ಆಕೆ. "ಇದು ಸ್ಟ್ಯಾಂಡರ್ಡು ಆಗಬಾರದು ಅಂತಾನೇ ನಾವು ಬಂದಿರೋದು."

ಅವನು ಮಾದರಿ ಒಪ್ಪಿಸುವ ಕಾಗದವನ್ನು ಅಳತೆಯಕ್ಕನ ಮುಂದಿಟ್ಟು, ಯಾರು ಬೇಕಾದರೂ ಬಳಸಬಹುದು ಎಂಬ ಸಾಲನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದ, ಮೋಸವಾಯಿತು ಎಂದು ನಾಳೆ ಹೇಳಬಾರದಲ್ಲ. ಗೊತ್ತಿದೆ ಎಂದು ಅವಳು ಸಹಿ ಹಾಕಿದಳು. ಅವನು ಮುದ್ರೆ ಒತ್ತಿದ. ಒಂದನೇ ತಾರೀಖು ಗೇಟಿನಲ್ಲಿ ಗವಸು ಹಂಚಿದಾಗ ಮುದ್ರೆ ಎಲ್ಲಿದೆ ಎಂದು ಒಬ್ಬಳೂ ನೋಡಲಿಲ್ಲ. ಹಾಕಿಕೊಂಡು, ಬೆರಳು ಮಡಿಚಿ ನೋಡಿ, ಒಳಗೆ ಹೋದರು.

ಮೈದುನನ ಮಾತೂ ಸುಳ್ಳಾಗಲಿಲ್ಲ. ವರ್ಷ ಕಳೆಯುವುದರೊಳಗೆ ಒಂದು ದೊಡ್ಡ ಕಂಪನಿ ಅದೇ ಐದು ಅಳತೆಯಲ್ಲಿ ಗವಸು ಇಳಿಸಿತು. ಅಳತೆಯಕ್ಕನ ಮೂರು ಕಾರ್ಖಾನೆಗಳಲ್ಲಿ ಒಂದು ಅತ್ತ ಹೋಯಿತು. ಎರಡು ದಿನ ಅವಳು ಲೆಕ್ಕದ ಪುಸ್ತಕ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಗಾಜಿನ ಕಾರ್ಖಾನೆಯ ಗೇಟಿನಲ್ಲಿ ದಾರ ಹಿಡಿದು ನಿಂತಿದ್ದಳು, ಗಾಜು ಹಿಡಿಯುವ ಕೈ ಬೇರೆ ಥರ ಮಡಿಚಿಕೊಳ್ಳುತ್ತದಂತೆ. ಇವತ್ತು ಶೆಡ್ಡಿನಲ್ಲಿ ಮೂವತ್ತೆಂಟು ಜನ. ನಾವು ನಲವತ್ತು ವರ್ಷ ಬೀದಿಯಲ್ಲಿ ನಿಂತು ಗೆದ್ದ ಸಾಲುಗಳಲ್ಲಿ ಅರ್ಧಕ್ಕರ್ಧ ಕಾಗದದಲ್ಲೇ ಗೆದ್ದಲು ಹಿಡಿದವು. ಈ ಒಂದು ಸಾಲು ಮಾತ್ರ ಹೆಂಗಸರ ಕೈ ಮೇಲಿದೆ. ಅದಕ್ಕೆ ಹೆಮ್ಮೆ ಪಡಲು ನನಗೇನೂ ನಾಚಿಕೆಯಿಲ್ಲ.

ಕಳೆದ ನಾಲ್ಕು ವರ್ಷದಲ್ಲಿ ಊರ ಹೊರಗಿನ ಆ ಕಾರ್ಖಾನೆಗಳಲ್ಲಿ ಬೆರಳು ಕಳೆದುಕೊಂಡವರು ಇಬ್ಬರು. ಇಬ್ಬರೂ ಆ ಹೊತ್ತಿಗೆ ಗವಸು ಹಾಕಿರಲಿಲ್ಲ. ಅದು ನಿನ್ನ ತಪ್ಪಲ್ಲ ಎಂದು ಎಲ್ಲರೂ ಅವಳಿಗೆ ಹೇಳಿದರು. ಅವಳು ಆಸ್ಪತ್ರೆಗೆ ಹೋಗಿ, ಯಾಕೆ ಬಿಚ್ಚಿಟ್ಟಿರಿ ಎಂದು ಇಬ್ಬರನ್ನೂ ಕೇಳಿ ಬಂದಳು. ಸೆಕೆ, ಒಳಗೆ ಬೆವರಿ ಬೆರಳು ಜಾರುತ್ತದೆ ಎಂದರಂತೆ. ಅವತ್ತಿನಿಂದ ಅವಳು ಅಂಗೈಗೆ ದಪ್ಪ ಬಟ್ಟೆ, ಕೈಯ ಹಿಂಬದಿಗೆ ಗಾಳಿಯಾಡುವ ಬಟ್ಟೆ ಜೋಡಿಸಿ ಹೊಲಿದು ನೋಡುತ್ತಿದ್ದಾಳೆ. ನಾಲ್ಕು ಸಲ ಕೆಟ್ಟಿದೆ. ಐದನೆಯದು ಮೂರ್ಬೆರಳಿಯ ಮೇಜಿನ ಮೇಲಿದೆ.